ತಲೆಸುತ್ತಿಗೆ ತಿರುಗುವ ಕುರ್ಚಿ

ಬೆಳಗ್ಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ್ದೇ ತಡ, ಛಾವಣಿ ಗಿರ್ರನೆ ಸುತ್ತತೊಡಗುತ್ತದೆ. ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ. ಆಮೇಲೆ ಎಲ್ಲ ಮೊದಲಿನಂತೆ. ನಮ್ಮ ಕಡೆ ಇದನ್ನು ಪಿತ್ತ ಎನ್ನುವವರಿದ್ದಾರೆ, ಕತ್ತಿನ ಮೂಳೆ ಸವೆದಿದೆ ಎಂದು ವರ್ಷಗಟ್ಟಲೆ ಮಾತ್ರೆ ನುಂಗುವವರೂ ಇದ್ದಾರೆ. ಕಾರಣ ಇರುವುದು ಒಳಕಿವಿಯಲ್ಲಿ. ಯುಟ್ರಿಕಲ್ ಎಂಬ ಪುಟ್ಟ ಚೀಲದಲ್ಲಿ ಅಂಟಿಕೊಂಡಿರಬೇಕಾದ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಳು ಕಳಚಿ, ಪಕ್ಕದ ಅರ್ಧವರ್ತುಲ ನಾಳಗಳಿಗೆ ಜಾರುತ್ತವೆ. ತಲೆ ಅಲುಗಿದಾಗ ಅವು ಉರುಳಿ, ನಾಳದ ದ್ರವವನ್ನು ಕದಡುತ್ತವೆ. ವೈದ್ಯರು ಇದನ್ನು ಬಿಪಿಪಿವಿ ಎನ್ನುತ್ತಾರೆ. ದಾರಿ ತಪ್ಪಿದ ಹರಳನ್ನು ಯಾವ ಮಾತ್ರೆಯೂ ಮನೆಗೆ ಮರಳಿಸದು.

ಮರಳಿಸುವ ಬಗೆಯನ್ನು ತೋರಿಸಿದವರಲ್ಲಿ ಪ್ರಮುಖರು ಅಮೆರಿಕದ ಪೋರ್ಟ್‌ಲ್ಯಾಂಡಿನ ಕಿವಿ ವೈದ್ಯ ಜಾನ್ ಎಪ್ಲಿ. ರೋಗಿಯನ್ನು ಮಲಗಿಸಿ, ತಲೆಯನ್ನು ಹಂತಹಂತವಾಗಿ ಹೊರಳಿಸಿ, ಹರಳುಗಳನ್ನು ಗುರುತ್ವಾಕರ್ಷಣೆಯಿಂದಲೇ ನಾಳದಾಚೆ ಜಾರಿಸುವ ವಿಧಾನ ಅವರದು. ಸಹೋದ್ಯೋಗಿಗಳು ಬಹುಕಾಲ ನಂಬಲಿಲ್ಲ. ವೈದ್ಯಕೀಯ ಪತ್ರಿಕೆಯಲ್ಲಿ ಅದು ಅಚ್ಚಾಗಿದ್ದು 1992ರಲ್ಲಿ. ಅದೇ ಎಪ್ಲಿ ಮುಂದೆ ಆಮ್ನಿಯಾಕ್ಸ್ ಎಂಬ ತಿರುಗುವ ಕುರ್ಚಿಯನ್ನೂ ರೂಪಿಸಿದರು. ಫ್ರಾನ್ಸಿನ ಥಾಮಸ್ ರಿಷಾರ್-ವಿಟ್ಟನ್ ಅವರ ಟಿಆರ್‌ವಿ ಕುರ್ಚಿ ಡೆನ್ಮಾರ್ಕಿನ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ.

ಕುರ್ಚಿಯ ಪರವಾದ ವಾದ ಗಟ್ಟಿಯಾಗಿದೆ. ರೋಗಿಯನ್ನು ಪಟ್ಟಿಗಳಿಂದ ಬಿಗಿದು, ಇಡೀ ಮೈಯನ್ನೇ ಬೇಕಾದ ನಾಳದ ದಿಕ್ಕಿಗೆ 360 ಡಿಗ್ರಿ ತಿರುಗಿಸಬಹುದು, ಕತ್ತು ಮಣಿಯಬೇಕಾಗಿಲ್ಲ. ಕತ್ತಿನ ಶಸ್ತ್ರಚಿಕಿತ್ಸೆ ಆದವರು, ಬೆನ್ನು ಬಗ್ಗದ ವೃದ್ಧರು, ಪಾರ್ಶ್ವವಾಯು ಬಡಿದವರು, ಭಾರಿ ಮೈಯವರು ಮಂಚದ ಅಂಚಿನಿಂದ ತಲೆ ಇಳಿಬಿಟ್ಟು ಮಲಗುವುದು ಹೇಗೆ? ಇಂಥವರಿಗೆ ಕುರ್ಚಿಯನ್ನು ವಿಲಾಸ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಕಣ್ಣಿಗೆ ಕಟ್ಟುವ ಇನ್ಫ್ರಾರೆಡ್ ಕ್ಯಾಮೆರಾ ಮತ್ತೊಂದು ಅನುಕೂಲ. ಕಣ್ಣುಗುಡ್ಡೆ ಯಾವ ದಿಕ್ಕಿಗೆ ಮಿಡಿಯುತ್ತದೆ ಎಂಬುದರಿಂದ ಹರಳು ಯಾವ ನಾಳದಲ್ಲಿದೆ ಎಂದು ತಿಳಿಯುತ್ತದೆ. ಒಂದಕ್ಕಿಂತ ಹೆಚ್ಚು ನಾಳಗಳಲ್ಲಿ ಹರಳು ಸೇರಿದ್ದರೆ, ನಾಳದ ತುದಿಯ ಕ್ಯುಪುಲಾ ಎಂಬ ಪೊರೆಗೇ ಅಂಟಿಕೊಂಡಿದ್ದರೆ ತಲೆ ಹೊರಳಿಸುವ ಕೈಚಿಕಿತ್ಸೆ ಸೋಲುವುದುಂಟು. ಟಿಆರ್‌ವಿ ಕುರ್ಚಿ ಆಗ ವೇಗವಾಗಿ ಬೀಸಿ ಥಟ್ಟನೆ ನಿಂತು, ಆ ಹೊಡೆತಕ್ಕೆ ಹರಳನ್ನು ಕದಲಿಸಲು ನೋಡುತ್ತದೆ.

ಇನ್ನೊಂದು ತಕ್ಕಡಿಯೂ ಹಗುರವಲ್ಲ. ಸಾಮಾನ್ಯವಾದ ಹಿಂಬದಿ ನಾಳದ ಬಿಪಿಪಿವಿಯಲ್ಲಿ ಸುಮಾರು ಐವರಲ್ಲಿ ನಾಲ್ವರು ಕೈಚಿಕಿತ್ಸೆಯ ಒಂದೆರಡು ಸುತ್ತಿಗೇ ಗುಣವಾಗುತ್ತಾರೆ. ಒಂದು ಮಂಚ, ತರಬೇತಿ ಪಡೆದ ಎರಡು ಕೈ, ಹತ್ತು ನಿಮಿಷ ಸಾಕು. ಈ ಫಲಿತಾಂಶವನ್ನು ಮೀರಿಸಲು ದುಬಾರಿ ಯಂತ್ರಕ್ಕೆ ಉಳಿಯುವ ಅವಕಾಶ ಕಡಿಮೆ. ಅದಕ್ಕೆ ಪ್ರತ್ಯೇಕ ಕೋಣೆ ಬೇಕು, ನುರಿತ ಸಿಬ್ಬಂದಿ ಬೇಕು. ತಲೆಕೆಳಗಾಗುವ ಭಯ, ವಾಂತಿ ರೋಗಿಯ ಪಾಲಿಗೆ. ಅಲ್ಲದೆ ಈ ಕಾಯಿಲೆ ಹಲವರಲ್ಲಿ ವಾರಗಳೊಳಗೆ ತಾನಾಗಿ ಇಳಿಯುತ್ತದೆ. ಆದ್ದರಿಂದ ಕುರ್ಚಿಯಿಂದ ಎದ್ದವರು ಗುಣವಾದರು ಎಂಬುದಷ್ಟರಿಂದಲೇ ಗುಣಪಡಿಸಿದ್ದು ಕುರ್ಚಿ ಎನ್ನಲಾಗದು. ಹರಳು ಮತ್ತೆ ಕಳಚುವುದನ್ನು ಯಂತ್ರವೂ ತಡೆಯದು. ಆ ದಿಕ್ಕಿನಲ್ಲಿ ನನಗೆ ಭರವಸೆ ಮೂಡಿಸಿದ್ದು ದಕ್ಷಿಣ ಕೊರಿಯಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ: ವಿಟಮಿನ್ ಡಿ ಕೊರತೆಯಿದ್ದವರಿಗೆ ಅದನ್ನೂ ಕ್ಯಾಲ್ಸಿಯಂ ಅನ್ನೂ ಕೊಟ್ಟಾಗ ಮರುಕಳಿಕೆ ಸುಮಾರು ಕಾಲುಭಾಗ ತಗ್ಗಿತು.

ಕೈಚಿಕಿತ್ಸೆಗೆ ಬಗ್ಗದ ಕಾಯಿಲೆಯನ್ನು ‘ಮೊಂಡು’ ಎನ್ನುತ್ತಾರೆ; ನನ್ನನ್ನು ಹೆಚ್ಚು ಕಾಡುವುದು ಆ ಮಾತು. ಕಾಯಿಲೆ ಮೊಂಡಾಗಿದೆಯೋ, ಅಥವಾ ತಪ್ಪು ಕಿವಿಗೆ, ತಪ್ಪು ನಾಳಕ್ಕೆ ಚಿಕಿತ್ಸೆ ನಡೆದಿದೆಯೋ? ಮೈಗ್ರೇನಿನ ತಲೆಸುತ್ತನ್ನೇ ಬಿಪಿಪಿವಿ ಎಂದುಕೊಂಡಿರಬಹುದು. ಅಪರೂಪಕ್ಕೆ ಮಿದುಳಿನಲ್ಲೇ ತೊಂದರೆ ಇರಬಹುದು. ಸರಿಯಾಗಿ ಮಾಡಿದ ಕೈಚಿಕಿತ್ಸೆ ಹಲವು ಬಾರಿ ಸೋತ ಮೇಲೆ, ಇಲ್ಲವೇ ಮೈಯೇ ಅದಕ್ಕೆ ಒಗ್ಗದಿದ್ದಾಗ, ಕುರ್ಚಿ ಇರುವ ದೊಡ್ಡ ಆಸ್ಪತ್ರೆಗೆ ಕಳಿಸುವುದು ನ್ಯಾಯ. ಅದಕ್ಕೆ ಮೊದಲು ರೋಗಿಯನ್ನು ಒಮ್ಮೆಯಾದರೂ ಮಲಗಿಸಿ, ತಲೆ ಹೊರಳಿಸಿ, ಕಣ್ಣು ನೋಡಿದವರು ಯಾರಾದರೂ ಇದ್ದಾರೆಯೇ ಎಂದು ಕೇಳಬೇಕು. 1952ರಲ್ಲೇ ಡಿಕ್ಸ್ ಮತ್ತು ಹಾಲ್‌ಪೈಕ್ ವಿವರಿಸಿದ ಆ ಪರೀಕ್ಷೆಗೆ ಮಂಚವೊಂದಿದ್ದರೆ ಸಾಕು.