ಯುದ್ಧವಿಮಾನದ ಮಾದರಿ: ಆಟಿಕೆಯೋ, ಪಾಠವೋ?

ಯುದ್ಧಕ್ಕೆ ಸಂಬಂಧಿಸಿದ ಆಟಿಕೆಗಳನ್ನು ಮಕ್ಕಳಿಗೆ ಕೊಡಿಸಬಹುದೇ ಎಂಬ ವಿಷಯದಲ್ಲಿ ಹಿರಿಯರಲ್ಲಿ ಎರಡು ಪಕ್ಷಗಳಿವೆ. ಕೊಲ್ಲುವ ಯಂತ್ರದ ಪ್ರತಿರೂಪ ಮನೆಯೊಳಗೆ ಬರಲೇಬಾರದೆಂಬುದು ಒಂದು ಪಕ್ಷ. ಅದು ಕೇವಲ ಆಟ, ಅದರಲ್ಲಿ ಒಳಿತು ಕೆಡುಕುಗಳನ್ನು ಹುಡುಕುವುದು ಅನವಶ್ಯಕವೆಂಬುದು ಮತ್ತೊಂದು ಪಕ್ಷ. ಬಿಡಿಭಾಗಗಳನ್ನು ಅಂಟಿಸಿ ಕಟ್ಟುವ ಪ್ಲಾಸ್ಟಿಕ್ ಯುದ್ಧವಿಮಾನದ ಮಟ್ಟಿಗೆ ಹೇಳುವುದಾದರೆ, ಈ ಎರಡು ಪಕ್ಷಗಳೂ ಅರ್ಧ ಸತ್ಯವನ್ನಷ್ಟೇ ಹಿಡಿದಿವೆ. ಮಾದರಿಯನ್ನು ಮನೆಗೆ ತರುವುದರಲ್ಲಿ ದೋಷವಿಲ್ಲ. ಅದರ ಪೂರ್ಣ ಕಥೆಯನ್ನು ಹೇಳದೆ ಮಕ್ಕಳ ಕೈಗೆ ಕೊಡುವುದರಲ್ಲಿ ದೋಷವಿದೆ.

ಹಾಕರ್ ಹರಿಕೇನ್ ವಿಮಾನದ ಮಾದರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸಿಡ್ನಿ ಕ್ಯಾಮ್ ಎಂಬ ಇಂಗ್ಲಿಷ್ ತಂತ್ರಜ್ಞರು ರೂಪಿಸಿದ ಈ ವಿಮಾನ ಮೊದಲು ಹಾರಿದ್ದು 1935ರ ನವೆಂಬರ್ 6ರಂದು. 1940ರಲ್ಲಿ ಜರ್ಮನಿಯ ವಾಯುದಾಳಿಯನ್ನು ಬ್ರಿಟನ್ ಎದುರಿಸಿದಾಗ ಹೆಸರು ಗಳಿಸಿದ್ದು ಸ್ಪಿಟ್‌ಫೈರ್ ಆದರೂ, ಹೆಚ್ಚು ಸಂಖ್ಯೆಯಲ್ಲಿ ಕಾದಾಡಿದ್ದು ಹರಿಕೇನ್. 1944ರಲ್ಲಿ ಇಂಫಾಲದ ರಣರಂಗದಲ್ಲಿ ಅರ್ಜನ್ ಸಿಂಗ್ ಅವರ ನೇತೃತ್ವದ ಭಾರತೀಯ ವಾಯುಪಡೆಯ ಒಂದನೆಯ ಸ್ಕ್ವಾಡ್ರನ್ ಹಾರಿಸಿದ್ದೂ ಇದೇ ವಿಮಾನವನ್ನು. ನಿಜವಾದ ಹರಿಕೇನಿನ ರೆಕ್ಕೆಗಳ ಅಗಲ 12 ಮೀಟರಿಗೂ ತುಸು ಹೆಚ್ಚು. ಎಪ್ಪತ್ತೆರಡರಲ್ಲಿ ಒಂದು ಪಾಲಿನ ಅಳತೆಯ ಮಾದರಿಯಲ್ಲಿ ಅದು ಸುಮಾರು 17 ಸೆಂಟಿಮೀಟರ್ ಆಗುತ್ತದೆ. ಅಂಗೈ ಮೇಲೆ ನಿಲ್ಲಿಸಿಕೊಳ್ಳಬಹುದಾದ ವಸ್ತು.

ಈ ಮಾದರಿಯನ್ನು ಕಟ್ಟುವ ಕೆಲಸ ತಾಳ್ಮೆಯನ್ನು ಬೇಡುತ್ತದೆ. ಚೌಕಟ್ಟಿನಿಂದ ಭಾಗಗಳನ್ನು ಒಂದೊಂದಾಗಿ ಬಿಡಿಸಬೇಕು. ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿ ನಯಗೊಳಿಸಬೇಕು. ಸಣ್ಣ ತುಣುಕುಗಳನ್ನು ಚಿಮಟದಿಂದ ಹಿಡಿದು ಕೂಡಿಸಬೇಕು. ಅಂಟು ಒಣಗುವವರೆಗೆ ಕಾಯಬೇಕು. ಅವಸರ ಮಾಡಿದವನ ವಿಮಾನದ ರೆಕ್ಕೆ ಓರೆಯಾಗುತ್ತದೆ. ಕಣ್ಣು ಕೈಗಳ ಹೊಂದಾಣಿಕೆಗೆ, ಏಕಾಗ್ರತೆಗೆ ಇಂಥ ಕೆಲಸ ಒಳ್ಳೆಯ ಅಭ್ಯಾಸವೆಂಬುದರಲ್ಲಿ ಸಂದೇಹವಿಲ್ಲ. ಬಾಲಕರಿಗೆ ಮಾತ್ರವಲ್ಲ, ನಿವೃತ್ತರಾದ ಹಿರಿಯರಿಗೂ ಇದು ಸಲ್ಲುತ್ತದೆ.

ಆದರೆ ಇಂಥ ಪೆಟ್ಟಿಗೆಗಳ ಮೇಲಿನ ಚಿತ್ರ ಸಾಮಾನ್ಯವಾಗಿ ಶತ್ರುವಿಮಾನ ಹೊಗೆಯುಗುಳುತ್ತ ಬೀಳುವುದನ್ನು ತೋರಿಸುತ್ತದೆಯೇ ಹೊರತು ಅದರೊಳಗಿನ ಮನುಷ್ಯನನ್ನು ತೋರಿಸುವುದಿಲ್ಲ. ಹರಿಕೇನಿನ ಇಂಧನ ತೊಟ್ಟಿಗಳಲ್ಲಿ ಒಂದು ಚಾಲಕನ ಮುಂದೆಯೇ, ಉಪಕರಣ ಫಲಕದ ಆಚೆ ಇತ್ತು. ಅದಕ್ಕೆ ಬೆಂಕಿ ತಗುಲಿದರೆ ಕ್ಷಣಮಾತ್ರದಲ್ಲಿ ಜ್ವಾಲೆ ಮುಖಕ್ಕೂ ಕೈಗಳಿಗೂ ಬಡಿಯುತ್ತಿತ್ತು. ಹೀಗೆ ಬೆಂದ ತರುಣರಿಗೆ ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್ ಊರಿನ ಆಸ್ಪತ್ರೆಯಲ್ಲಿ ಹೊಸ ರೆಪ್ಪೆ, ಹೊಸ ಮೂಗುಗಳನ್ನು ಕಟ್ಟಿಕೊಟ್ಟವರು ನ್ಯೂಜಿಲೆಂಡ್ ಮೂಲದ ಶಸ್ತ್ರವೈದ್ಯ ಆರ್ಚಿಬಾಲ್ಡ್ ಮ್ಯಾಕಿಂಡೋ. ಸಮುದ್ರಕ್ಕೆ ಬಿದ್ದು ಬದುಕುಳಿದವರ ಗಾಯಗಳು ಚೆನ್ನಾಗಿ ಮಾಯುವುದನ್ನು ಗಮನಿಸಿ ಅವರು ಸುಟ್ಟಗಾಯಗಳಿಗೆ ಉಪ್ಪುನೀರಿನ ಸ್ನಾನವನ್ನು ಬಳಕೆಗೆ ತಂದರು. ಆ ರೋಗಿಗಳು ತಮ್ಮನ್ನೇ ಪ್ರಯೋಗದ ಪ್ರಾಣಿಗಳೆಂದು ಹಾಸ್ಯಮಾಡಿಕೊಂಡು 1941ರಲ್ಲಿ ‘ಗಿನಿ ಪಿಗ್ ಕ್ಲಬ್’ ಸ್ಥಾಪಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ಅದರ ಸದಸ್ಯರ ಸಂಖ್ಯೆ 649. ವಿಕಾರಗೊಂಡ ಮುಖಗಳನ್ನು ಕಂಡು ಬೆಚ್ಚದೆ ಅವರನ್ನು ತಮ್ಮ ನಡುವೆ ಸೇರಿಸಿಕೊಂಡ ಆ ಊರಿನ ಜನರೂ ಚಿಕಿತ್ಸೆಯ ಒಂದು ಭಾಗವೇ ಆದರು.

ಮಾದರಿಯ ಪೆಟ್ಟಿಗೆಯಲ್ಲಿ ಪಾರದರ್ಶಕವಾದ ಒಂದು ಪುಟ್ಟ ತುಣುಕಿರುತ್ತದೆ. ಅದು ಚಾಲಕನ ತಲೆಯ ಮೇಲಿನ ಮುಚ್ಚಳ. ನಿಜವಾದ ವಿಮಾನದಲ್ಲಿ ಇದನ್ನು ಪರ್ಸ್ಪೆಕ್ಸ್ ಎಂಬ ಅಕ್ರಿಲಿಕ್ ಪ್ಲಾಸ್ಟಿಕ್‌ನಿಂದ ಮಾಡುತ್ತಿದ್ದರು. 1940ರ ಆಗಸ್ಟ್‌ನಲ್ಲಿ ಗಾರ್ಡನ್ ಕ್ಲೀವರ್ ಎಂಬ ಚಾಲಕರ ಹರಿಕೇನಿಗೆ ಗುಂಡು ತಗುಲಿ ಮುಚ್ಚಳ ಚೂರುಚೂರಾಯಿತು. ಚೂರುಗಳು ಅವರ ಎರಡು ಕಣ್ಣುಗಳನ್ನೂ ಹೊಕ್ಕವು. ಒಂದು ಕಣ್ಣಿನ ದೃಷ್ಟಿ ಹೋಯಿತು. ಇಂಥ ಗಾಯಾಳುಗಳಿಗೆ ಚಿಕಿತ್ಸೆ ನೀಡಿದ ನೇತ್ರವೈದ್ಯ ಹೆರಾಲ್ಡ್ ರಿಡ್ಲಿ ಒಂದು ವಿಚಿತ್ರವನ್ನು ಕಂಡರು. ಹೊರಗಿನ ವಸ್ತು ಕಣ್ಣಿನೊಳಗೆ ಉಳಿದರೆ ಉರಿಯೂತವಾಗುವುದು ಸಹಜ. ಆದರೆ ಈ ಪ್ಲಾಸ್ಟಿಕ್ ಚೂರುಗಳನ್ನು ಕಣ್ಣು ಸಹಿಸಿಕೊಂಡಿತ್ತು. ಹಾಗಾದರೆ ಪೊರೆ ಬಂದ ಮಸೂರವನ್ನು ತೆಗೆದ ಮೇಲೆ ಅದೇ ವಸ್ತುವಿನ ಮಸೂರವನ್ನು ಒಳಗಿಡಬಾರದೇಕೆ? 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ರಿಡ್ಲಿ ಕೃತಕ ಮಸೂರವನ್ನು ಮೊದಲ ಬಾರಿಗೆ ಮನುಷ್ಯನ ಕಣ್ಣಿನಲ್ಲಿಟ್ಟರು. ವೃತ್ತಿಬಾಂಧವರಲ್ಲಿ ಅನೇಕರು ಇದನ್ನು ಬಹುಕಾಲ ವಿರೋಧಿಸಿದರು. ಅವರಿಗೆ ನೈಟ್ ಪದವಿ ದೊರೆತದ್ದು 2000ದಲ್ಲಿ, ತೊಂಬತ್ತು ದಾಟಿದ ಮೇಲೆ.

ಈ ಕಥೆ ದೂರದ ಇಂಗ್ಲೆಂಡಿನಲ್ಲಿ ಮುಗಿಯುವುದಿಲ್ಲ. ಕನ್ನಡ ನಾಡಿನ ಹಳ್ಳಿಹಳ್ಳಿಗಳಲ್ಲಿ ಡಾ. ಎಂ. ಸಿ. ಮೋದಿಯವರು ನಡೆಸಿದ ನೇತ್ರಶಿಬಿರಗಳನ್ನು ಹಿರಿಯ ತಲೆಮಾರು ಮರೆತಿರಲಾರದು. ಒಳಗಿಡುವ ಮಸೂರ ಸುಲಭವಾಗಿ ದೊರೆಯದ ಆ ಕಾಲದಲ್ಲಿ ಪೊರೆ ತೆಗೆಸಿಕೊಂಡ ಅಜ್ಜ ಅಜ್ಜಿಯರು ದಪ್ಪ ಗಾಜಿನ ಕನ್ನಡಕವನ್ನೇ ನಂಬಿ ನಡೆಯಬೇಕಾಗಿತ್ತು. ಅದು ಒಡೆದರೆ ಮತ್ತೆ ಕತ್ತಲೆ. 1976ರಲ್ಲಿ ಡಾ. ಜಿ. ವೆಂಕಟಸ್ವಾಮಿಯವರು ಮದುರೆಯಲ್ಲಿ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ಸ್ಥಾಪಿಸಿದರು. 1992ರಲ್ಲಿ ಅದರ ಅಂಗವಾಗಿ ಹುಟ್ಟಿದ ಆರೋಲ್ಯಾಬ್ ಅಗ್ಗದ ದರದಲ್ಲಿ ಮಸೂರ ತಯಾರಿಸತೊಡಗಿದ ಮೇಲೆ ಬಡವರಿಗೂ ಅದು ಎಟುಕಿತು. ಇಂದು ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಅಲ್ಪಕಾಲದಲ್ಲೇ ಪತ್ರಿಕೆ ಓದುವ ತಾತನ ಕಣ್ಣಿನೊಳಗಿನ ಮಸೂರಕ್ಕೂ, ಮೊಮ್ಮಗನ ಮೇಜಿನ ಮೇಲಿನ ವಿಮಾನಕ್ಕೂ ಹೀಗೊಂದು ನಂಟಿದೆ.

ಇದರಿಂದ ಯುದ್ಧವೂ ಒಳ್ಳೆಯದೇ ಎಂದು ವಾದಿಸುವುದು ಅವಿವೇಕ. ಚೂರುಗಳನ್ನು ಕಣ್ಣಿಗೆ ಎರಚಿದ್ದು ಯುದ್ಧ. ಅವುಗಳಿಂದ ಪಾಠ ಕಲಿತದ್ದು ವೈದ್ಯನ ಸಾವಧಾನದ ದೃಷ್ಟಿ. ಶ್ರೇಯಸ್ಸು ಸಲ್ಲಬೇಕಾದದ್ದು ಎರಡನೆಯದಕ್ಕೆ. ಈ ವ್ಯತ್ಯಾಸವನ್ನು ಮಗುವಿಗೆ ತಿಳಿಸಬೇಕಾದರೆ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತಿರಲೇಬೇಕು.

ಹಿರಿಯರು ಪಕ್ಕದಲ್ಲಿರಬೇಕಾದುದಕ್ಕೆ ಆರೋಗ್ಯದ ಕಾರಣಗಳೂ ಇವೆ. ಈ ಮಾದರಿಗಳ ಅಂಟಿನಲ್ಲಿರುವ ದ್ರಾವಕಗಳ ಆವಿ ಮುಚ್ಚಿದ ಕೋಣೆಯಲ್ಲಿ ತಲೆನೋವು, ತಲೆಸುತ್ತುಗಳನ್ನು ತರಬಲ್ಲದು. ನಗರಗಳ ಇಕ್ಕಟ್ಟಾದ ಫ್ಲ್ಯಾಟುಗಳಲ್ಲಿ ಕಿಟಕಿ ತೆರೆದೇ ಈ ಕೆಲಸ ನಡೆಯಬೇಕು. ಅಂಟಿನ ಮತ್ತು ಬಣ್ಣದ ಸೀಸೆಗಳನ್ನು ಬಳಸಿದ ಕೂಡಲೇ ಮುಚ್ಚಬೇಕು. ಹರಿತವಾದ ಅಲಗನ್ನು ಚಿಕ್ಕವರ ಕೈಗೆ ಕೊಡಬಾರದು. ಬೆಳಕು ಸಾಕಷ್ಟಿರಬೇಕು, ಆಗಾಗ ಕೆಲಸ ನಿಲ್ಲಿಸಿ ದೂರದ ವಸ್ತುಗಳನ್ನು ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಬೇಕು. ಪಾರದರ್ಶಕ ಮುಚ್ಚಳಕ್ಕೆ ಮಾತ್ರ ದ್ರಾವಕದ ಅಂಟು ಸಲ್ಲದು; ಅದು ತಗುಲಿದರೆ ಪೊರೆ ಬಂದ ಕಣ್ಣಿನಂತೆ ಪ್ಲಾಸ್ಟಿಕ್ ಮಸುಕಾಗುತ್ತದೆ. ಅಲ್ಲಿಗೆ ಕಾಗದ ಅಂಟಿಸುವ ಬಿಳಿಯ ಅಂಟೇ ಸಾಕು.

ಕನ್ನಡ ಸಂಘಗಳು ರಾಜ್ಯೋತ್ಸವದ ಸಂದರ್ಭದಲ್ಲಿ ಮಕ್ಕಳ ಕರಕೌಶಲ ಪ್ರದರ್ಶನಗಳನ್ನು ಏರ್ಪಡಿಸುವುದುಂಟು. ಅಲ್ಲಿ ಇಂಥ ವಿಮಾನವೊಂದು ಬಂದರೆ ಅದರ ವೇಗವನ್ನೂ ಬಂದೂಕುಗಳ ಸಂಖ್ಯೆಯನ್ನೂ ಬರೆದು ತೃಪ್ತರಾಗಬಾರದು. ಅದರೊಳಗೆ ಬೆಂದವರ, ಕಣ್ಣು ಕಳೆದುಕೊಂಡವರ, ಅವರನ್ನು ಉಪಚರಿಸಿದವರ ವಿಷಯವಾಗಿ ನಾಲ್ಕು ಸಾಲುಗಳನ್ನು ಕನ್ನಡದಲ್ಲಿ ಮಗುವೇ ಬರೆದು ಪಕ್ಕದಲ್ಲಿಡಲಿ. ಬಹುಮಾನ ನೀಡುವಾಗ ತೀರ್ಪುಗಾರರು ವಿಮಾನದ ಜೊತೆಗೆ ಆ ನಾಲ್ಕು ಸಾಲುಗಳನ್ನೂ ಓದಲಿ.