ವಿಶ್ರಾಂತಿಯ ನಾಡಿ ಏಕೆ ಏರುಪೇರಾಗುತ್ತದೆ?

ಹೊಸೂರು ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಎರಡು: ಗುಲಾಬಿ ಹೂವು ಮತ್ತು ಕೈಗಡಿಯಾರ. ಟಾಟಾ ಸಂಸ್ಥೆಯೂ ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮವೂ ಕೂಡಿ 1984ರಲ್ಲಿ ಹುಟ್ಟುಹಾಕಿದ ಟೈಟನ್ ಕಂಪನಿಯ ಕಾರ್ಖಾನೆ ಇಲ್ಲಿಗೆ ಬಂದ ಮೇಲೆ ಸುತ್ತಮುತ್ತಲ ಎಷ್ಟೋ ಮನೆಗಳಿಗೆ ಗಡಿಯಾರವೇ ಅನ್ನದ ದಾರಿಯಾಯಿತು. ಆಗ ಕೈಗಡಿಯಾರಕ್ಕಿದ್ದ ಕೆಲಸ ಒಂದೇ, ಹೊತ್ತು ತೋರಿಸುವುದು. ಈಗಿನ ಸ್ಮಾರ್ಟ್ ವಾಚ್ ಹಾಗಲ್ಲ. ಕಟ್ಟಿಕೊಂಡವನು ಎಷ್ಟು ಹೆಜ್ಜೆ ನಡೆದ, ಎಷ್ಟು ಹೊತ್ತು ಮಲಗಿದ, ಅವನ ಹೃದಯ ಸುಮ್ಮನಿದ್ದಾಗ ನಿಮಿಷಕ್ಕೆ ಎಷ್ಟು ಸಲ ಬಡಿಯಿತು ಎಂದೆಲ್ಲ ಚಾಡಿ ಹೇಳುತ್ತದೆ.

ಇದರಿಂದ ಹೊಸದೊಂದು ಗಾಬರಿ ಮನೆಗಳಿಗೆ ಬಂದಿದೆ. ಬೆಳಗಾಗೆದ್ದು ಕೈ ನೋಡಿಕೊಂಡು, "ನಿನ್ನೆ 68 ಇತ್ತು, ಇಂದು 75 ಆಗಿದೆ, ನನಗೇನೋ ಆಗಿದೆ" ಎನ್ನುವ ತಂದೆಯರಿದ್ದಾರೆ. ಮಕ್ಕಳೋ ಅಂಕಪಟ್ಟಿ ಹೋಲಿಸಿದಂತೆ "ನಿನ್ನದೆಷ್ಟು, ನನ್ನದೆಷ್ಟು" ಎಂದು ಹೋಲಿಸಿ, ಕಡಿಮೆ ಇದ್ದವನು ಗೆದ್ದ ಎಂದು ತೀರ್ಮಾನಿಸುತ್ತಾರೆ. ಎರಡೂ ತಪ್ಪು ದಾರಿ ಎಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಗಡಿಯಾರ ಕಟ್ಟಿದವರ ನಾಡಿಯನ್ನು ದಿನಕ್ಕೆ ನೂರು ಸಲ ನೋಡುವ ಕಾಲದಲ್ಲಿ, ಗಡಿಯಾರವಿಲ್ಲದ ಮಗುವಿನ ನಾಡಿಯನ್ನು ವರ್ಷಕ್ಕೊಮ್ಮೆಯೂ ಯಾರೂ ಹಿಡಿದು ನೋಡುವುದಿಲ್ಲ. ಆ ವಿಷಯಕ್ಕೆ ಆಮೇಲೆ ಬರೋಣ.

ಮೊದಲು ಹೃದಯದ ಲೆಕ್ಕ. ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ಹೊರಕ್ಕೆ ನೂಕುತ್ತದೆ. ನಿಮಿಷಕ್ಕೆ 70 ಬಡಿತವಾದರೆ 4,900 ಮಿಲಿಲೀಟರ್, ಅಂದರೆ ಹೆಚ್ಚುಕಡಿಮೆ ಐದು ಲೀಟರ್. ಸುಮ್ಮನೆ ಕುಳಿತ ದೊಡ್ಡವರ ದೇಹಕ್ಕೆ ಅಷ್ಟು ಸಾಕು. ಈ ವೇಗದಲ್ಲಿ ಒಂದು ದಿನಕ್ಕೆ ಒಂದು ಲಕ್ಷ ಬಡಿತ ದಾಟುತ್ತದೆ. ಬೇಕಾದರೆ ಗುಣಿಸಿ ನೋಡಿ.

ಬಡಿತವನ್ನು ಹೊರಡಿಸುವುದು ಬಲ ಹೃತ್ಕರ್ಣದ ಗೋಡೆಯಲ್ಲಿರುವ ಒಂದು ಚಿಕ್ಕ ಅಂಗಾಂಶದ ಗಂಟು. ಅದನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು ನೂರು ಸಲ ಬಡಿಸುತ್ತದೆ. ಹಾಗಾದರೆ ನಮ್ಮದು ಎಪ್ಪತ್ತಕ್ಕೆ ಇಳಿದಿರುವುದು ಹೇಗೆ? ಮಿದುಳಿನಿಂದ ಇಳಿದು ಬರುವ ವೇಗಸ್ ನರ ಅದನ್ನು ಸದಾ ಹಿಡಿದಿರುತ್ತದೆ. ಹುರುಪಿನ ಎತ್ತಿಗೆ ಮೂಗುದಾರ ಇದ್ದಂತೆ ಎಂದುಕೊಳ್ಳಿ. ಬಾರುಕೋಲು ಹಿಡಿದ ನರಗಳೂ ಬೇರೆ ಇವೆ. ಭಯ, ಕೋಪ, ಓಟ, ಜ್ವರ ಬಂದಾಗ ಅವು ಎಚ್ಚರವಾಗುತ್ತವೆ. ವಿಶ್ರಾಂತಿಯ ನಾಡಿ ಎಂದರೆ ಮೂಗುದಾರಕ್ಕೂ ಬಾರುಕೋಲಿಗೂ ಆ ಹೊತ್ತಿನಲ್ಲಿ ಆಗಿರುವ ರಾಜಿ. ರಾಜಿ ದಿನದಿನಕ್ಕೆ ಬದಲಾದರೆ ಆಶ್ಚರ್ಯವೇನು? ದಿನವೂ ಒಂದೇ ಅಂಕಿ ಬಂದರೆ ನಾನು ಗಡಿಯಾರವನ್ನೇ ಅನುಮಾನಿಸುತ್ತೇನೆ.

ನಾಡಿ ನೋಡುವ ವಿದ್ಯೆ ನಮ್ಮಲ್ಲಿ ಹಳೆಯದು. ಶಾರ್ಙ್ಗಧರ ಸಂಹಿತೆ ನಾಡಿಯ ನಡಿಗೆಯನ್ನು ಹಾವಿಗೆ, ಕಪ್ಪೆಗೆ, ಹಂಸಕ್ಕೆ ಹೋಲಿಸುತ್ತದೆ. ಅಲ್ಲಿ ಮುಖ್ಯವಾದದ್ದು ನಡಿಗೆ, ಎಣಿಕೆಯಲ್ಲ. ಎಣಿಸುವುದಕ್ಕೆ ಸಣ್ಣ ಹೊತ್ತನ್ನು ಅಳೆಯುವ ಸಾಧನ ಬೇಕಲ್ಲ! ಇಟಲಿಯ ಸ್ಯಾಂಟೋರಿಯೋ ಎಂಬ ವೈದ್ಯ ಹದಿನೇಳನೆಯ ಶತಮಾನದ ಆರಂಭದಲ್ಲಿ ಲೋಲಕವನ್ನು ತೂಗಿಬಿಟ್ಟು ನಾಡಿಯನ್ನು ಅಳೆದ. ಇಂಗ್ಲೆಂಡಿನ ಸರ್ ಜಾನ್ ಫ್ಲಾಯರ್ ಸರಿಯಾಗಿ ಒಂದು ನಿಮಿಷ ಓಡಿ ನಿಲ್ಲುವ ಗಡಿಯಾರವನ್ನೇ ಮಾಡಿಸಿ, ಅದರ ಬಗೆಗೆ 1707ರಲ್ಲಿ ಪುಸ್ತಕ ಬರೆದ. ಗಡಿಯಾರಕ್ಕೂ ನಾಡಿಗೂ ನಂಟು ಅಂಟಿ ಮುನ್ನೂರು ವರ್ಷ ಕಳೆದಿದೆ. ಹೊಸೂರಿನವರಾದ ನಾವು ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಓದಬಹುದು.

ಈಗಿನ ಗಡಿಯಾರ ಬೆರಳಿನಂತೆ ಮಿಡಿತವನ್ನು ಮುಟ್ಟಿ ನೋಡುವುದಿಲ್ಲ. ಅದರ ಬೆನ್ನನ್ನು ತಿರುಗಿಸಿದರೆ ಹಸಿರು ದೀಪ ಮಿನುಗುವುದು ಕಾಣುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹೃದಯ ಬಡಿದಾಗ ಮಣಿಕಟ್ಟಿನ ಸಣ್ಣ ರಕ್ತನಾಳಗಳಲ್ಲಿ ರಕ್ತ ತುಸು ಹೆಚ್ಚುತ್ತದೆ, ಹಿಂದಿರುಗುವ ಬೆಳಕು ತುಸು ಕಡಿಮೆಯಾಗುತ್ತದೆ. ಈ ಹೆಚ್ಚುಕಡಿಮೆಯನ್ನು ಎಣಿಸಿದರೆ ಬಡಿತದ ಸಂಖ್ಯೆ ಸಿಗುತ್ತದೆ. ಉಪಾಯ ಚೆನ್ನಾಗಿದೆ. ಆದರೆ ಪಟ್ಟಿ ಸಡಿಲವಾಗಿದ್ದರೆ, ಕೈ ಅಲುಗಿದರೆ, ಮಾರ್ಗಶಿರದ ಚಳಿಗೆ ಕೈ ತಣ್ಣಗಾಗಿ ಚರ್ಮದ ರಕ್ತನಾಳಗಳು ಕುಗ್ಗಿದ್ದರೆ ಎಣಿಕೆ ತಪ್ಪುತ್ತದೆ. ನಡೆಯುವಾಗ ಕೈ ಬೀಸುವ ತಾಳವನ್ನೇ ಬಡಿತವೆಂದು ತಿಳಿದುಬಿಡುವುದೂ ಉಂಟು.

ಇನ್ನೊಂದು ಗುಟ್ಟು ಅನೇಕರಿಗೆ ತಿಳಿದಿಲ್ಲ. 'ವಿಶ್ರಾಂತಿ' ಎಂದರೆ ಯಾವುದು ಎಂಬುದರಲ್ಲಿ ಕಂಪನಿಗಳಲ್ಲೇ ಒಮ್ಮತವಿಲ್ಲ. ಒಂದು ಕಂಪನಿ ನಿದ್ದೆಯ ಹೊತ್ತಿನ ಬಡಿತವನ್ನು ಹಿಡಿಯುತ್ತದೆ, ಇನ್ನೊಂದು ಎಚ್ಚರವಾಗಿ ಅಲುಗದೆ ಕುಳಿತ ಹೊತ್ತನ್ನು ಹಿಡಿಯುತ್ತದೆ. ನಿದ್ದೆಯಲ್ಲಿ ಬಡಿತ ಇಳಿಯುವುದು ಸಹಜವಾದ್ದರಿಂದ ಎರಡೂ ಅಂಕಿ ಸೇರುವುದಿಲ್ಲ. ಆದ್ದರಿಂದ ಗಡಿಯಾರ ಬದಲಾಯಿಸಿದ ಮಾರನೆಯ ದಿನ ನಾಡಿ ಐದಾರು ಏರಿತೆಂದು ಹೆದರಬೇಕಾಗಿಲ್ಲ; ಬದಲಾಗಿರುವುದು ಅಳತೆಯ ಸೇರು. ಸಿಪ್ಕಾಟ್‌ನಲ್ಲಿ ರಾತ್ರಿ ಪಾಳಿ ಮಾಡಿ ಹಗಲು ಮಲಗುವವರ ಗಡಿಯಾರ ಇನ್ನೂ ಗೊಂದಲಕ್ಕೆ ಬೀಳುತ್ತದೆ. ಪಾಳಿ ಬದಲಾದ ವಾರದಲ್ಲಿ ನಿದ್ದೆಯೂ ಕೆಟ್ಟಿರುತ್ತದೆ, ದೇಹದ ಒಳಗಿನ ಗಡಿಯಾರವೂ ದಿಕ್ಕು ತಪ್ಪಿರುತ್ತದೆ. ಆ ವಾರದ ಅಂಕಿಯನ್ನು ಪಕ್ಕಕ್ಕಿಟ್ಟರೆ ನಷ್ಟವಿಲ್ಲ.

ಹಾಗೆಂದು ಏರುಪೇರೆಲ್ಲ ಯಂತ್ರದ ತಪ್ಪೆಂದು ತಳ್ಳಿಹಾಕಬಾರದು. ನಿಜವಾದ ಕಾರಣಗಳೂ ಬೇಕಾದಷ್ಟಿವೆ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಕೃಷ್ಣಗಿರಿ ಸುಮಾರು 500 ಮೀಟರ್. ಮಾವಿನ ಕಾಲದಲ್ಲಿ ನೆಂಟರ ಮನೆಗೆಂದು ಶೂಲಗಿರಿ ದಾಟಿ ಇಳಿದರೆ ಬಿಸಿಲಿನ ವ್ಯತ್ಯಾಸ ಮೈಗೇ ತಿಳಿಯುತ್ತದೆ. ಸೆಕೆಯಲ್ಲಿ ದೇಹ ತಣ್ಣಗಾಗಲು ರಕ್ತವನ್ನು ಚರ್ಮದ ಕಡೆಗೆ ಕಳಿಸುತ್ತದೆ. ಬೆವರಿನಿಂದ ನೀರಿನಂಶವೂ ಕಡಿಮೆಯಾಗುತ್ತದೆ. ಬಡಿತವೊಂದಕ್ಕೆ ಸಿಗುವ ರಕ್ತ ಕಡಿಮೆಯಾದಾಗ ಬಡಿತ ಹೆಚ್ಚಿಸದೆ ಹೃದಯಕ್ಕೆ ಬೇರೆ ದಾರಿಯಿಲ್ಲ. ಮದುವೆಮನೆಯಲ್ಲಿ ರಾತ್ರಿ ಹತ್ತರ ಮೇಲೆ ಹೊಟ್ಟೆತುಂಬ ಉಂಡು ಮಲಗಿದರೂ ಅಷ್ಟೇ, ಜೀರ್ಣದ ಕೆಲಸಕ್ಕೆ ರಕ್ತ ಬೇಕು, ನಾಡಿ ಇಳಿಯುವುದು ತಡವಾಗುತ್ತದೆ. ಮದ್ಯ ಸೇವಿಸಿದವರ ಬಡಿತ ರಾತ್ರಿಯೆಲ್ಲ ಏರಿಯೇ ಇರುತ್ತದೆ. ಈ ಒಂದು ವಿಷಯದಲ್ಲಿ ಗಡಿಯಾರ ಮನೆಯ ಹೆಂಗಸರಿಗಿಂತ ನಿಷ್ಠುರವಾದ ಸಾಕ್ಷಿ.

ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿ ಸುಮಾರು ಎಂಟು ಹತ್ತು ಏರುತ್ತದೆ. ಟೈಫಾಯ್ಡ್‌ನಲ್ಲಿ ಮಾತ್ರ ಕೆಲವೊಮ್ಮೆ ಮೈ ಕಾದಷ್ಟು ನಾಡಿ ಓಡುವುದಿಲ್ಲ. ಹಳೆಯ ವೈದ್ಯರು ಅದರಿಂದಲೇ ಕಾಯಿಲೆಯನ್ನು ಊಹಿಸುತ್ತಿದ್ದರು. ಹೆಣ್ಣುಮಕ್ಕಳಿಗೆ ತಿಂಗಳ ಚಕ್ರದ ಎರಡನೆಯ ಅರ್ಧದಲ್ಲಿ ಎರಡು ಮೂರು ಬಡಿತ ಹೆಚ್ಚುವುದು ಸಹಜ, ಗರ್ಭಿಣಿಯರಿಗೆ ಹತ್ತಕ್ಕೂ ಮೇಲೆ ಏರುವುದೂ ಸಹಜ. ಇದನ್ನು ತಾಯಂದಿರು ಸಂಕೋಚವಿಲ್ಲದೆ ಮಕ್ಕಳಿಗೆ ಹೇಳಬೇಕು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ನಾಡಿ ಏರುತ್ತದೆ, ಮಂದವಾದರೆ ಇಳಿಯುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆಗಳು ಇಳಿಸುತ್ತವೆ, ಉಬ್ಬಸಕ್ಕೆ ಸೇದುವ ಕೆಲವು ಔಷಧಿಗಳು ಏರಿಸುತ್ತವೆ. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದಾಗ ನಿದ್ದೆಗೆಟ್ಟು ಓದುವವರ ನಾಡಿಯ ಬಗ್ಗೆ ನಾನು ಹೇಳಬೇಕೆ?

ಇಳಿಯುವುದಕ್ಕೆ ಸಂತೋಷದ ಕಾರಣವೊಂದಿದೆ. ತಿಂಗಳುಗಟ್ಟಲೆ ಓಡಿ, ಕಬಡ್ಡಿ ಆಡಿ ಪಳಗಿದ ಹೃದಯ ಒಂದು ಬಡಿತಕ್ಕೆ 100 ಮಿಲಿಲೀಟರ್ ನೂಕಬಲ್ಲುದು. ಅದಕ್ಕೆ ಐದು ಲೀಟರಿಗೆ 50 ಬಡಿತ ಸಾಕು. ಆದರೆ ಇದು ವಾರದಲ್ಲಿ ಬರುವ ಫಲವಲ್ಲ. ನಿನ್ನೆ ಮೈದಾನದಲ್ಲಿ ಮೈಮುರಿಯುವಂತೆ ಓಡಿದ ಹುಡುಗನ ನಾಡಿ ಇಂದು ಬೆಳಿಗ್ಗೆ ಏರಿರುವುದೇ ಹೆಚ್ಚು. ದೇಹ ಇನ್ನೂ ದಣಿವಾರಿಸಿಕೊಳ್ಳುತ್ತಿದೆ ಎಂದರ್ಥ.

ಈ ಅಂಕಿಯನ್ನು ಯಾವುದರೊಡನೆ ಹೋಲಿಸಬೇಕು? 2020ರಲ್ಲಿ ಅಮೆರಿಕದ ಸಂಶೋಧಕರು ಇಂಥ ಕೈಪಟ್ಟಿ ಕಟ್ಟಿದ್ದ 92,457 ಜನರ ದಾಖಲೆಗಳನ್ನು ಪರಿಶೀಲಿಸಿ ಪ್ರಕಟಿಸಿದರು. ವ್ಯಕ್ತಿಯಿಂದ ವ್ಯಕ್ತಿಗೆ ವಿಶ್ರಾಂತಿಯ ನಾಡಿ 40ರಿಂದ 109ರವರೆಗೆ ಹರಡಿತ್ತು. ಅದೇ ಒಬ್ಬನೇ ವ್ಯಕ್ತಿಯಲ್ಲಿ ವಾರದಿಂದ ವಾರಕ್ಕೆ ಆಗುವ ಏರಿಳಿತ ಸಾಮಾನ್ಯವಾಗಿ ಮೂರು ಬಡಿತದಷ್ಟು ಮಾತ್ರ. ನೋಡಿ, ಪಕ್ಕದ ಬೆಂಚಿನವನ ಅಂಕಿ ನಿನಗೆ ಏನನ್ನೂ ಹೇಳದು. ನಿನ್ನದೇ ಕಳೆದ ತಿಂಗಳ ಅಂಕಿ ಬಹಳ ಹೇಳುತ್ತದೆ. ಅದೇ ವರ್ಷ ಪ್ರಕಟವಾದ ಮತ್ತೊಂದು ಅಧ್ಯಯನ, ಸುಮಾರು 47 ಸಾವಿರ ಜನರ ನಾಡಿ ಮತ್ತು ನಿದ್ದೆಯ ದಾಖಲೆಗಳಿಂದ ಫ್ಲೂ ಜ್ವರದ ಹರಡುವಿಕೆಯನ್ನು ಇನ್ನೂ ಚೆನ್ನಾಗಿ ಅಂದಾಜು ಮಾಡಬಹುದೆಂದು ತೋರಿಸಿತು. ಆದ್ದರಿಂದ ಈ ಯಂತ್ರವನ್ನು ಆಟಿಕೆಯೆಂದು ಹೀಗಳೆಯುವವರ ಗುಂಪಿಗೆ ನಾನು ಸೇರಿದವನಲ್ಲ. ಒಂದು ದಿನದ ಅಂಕಿಗೆ ಬೆಲೆ ಕಡಿಮೆ, ನಾಲ್ಕು ವಾರದ ಸಾಲಿಗೆ ಬೆಲೆ ಉಂಟು, ಅಷ್ಟೇ ನನ್ನ ವಾದ.

ಈಗ ಗಡಿಯಾರವಿಲ್ಲದ ಮಗುವಿನ ವಿಷಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಕಡಿಮೆಯಾದರೆ ಅರ್ಧ ತುಂಬಿದ ಲಾರಿಗಳಲ್ಲಿ ಮಾವಿನಕಾಯಿ ಸಾಗಿಸಿದಂತೆ. ಅಷ್ಟೇ ಸರಕು ಮುಟ್ಟಬೇಕಾದರೆ ಲಾರಿ ಹೆಚ್ಚು ಸಲ ಓಡಬೇಕು. ಹೃದಯವೂ ಹಾಗೆಯೇ ಹೆಚ್ಚು ಬಡಿಯುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಪಾಠದಲ್ಲಿ ತೂಕಡಿಕೆ. ನಾವು ಮಗುವನ್ನು ಸೋಮಾರಿ ಎಂದು ಗದರಿಸುತ್ತೇವೆ! ರಕ್ತಹೀನತೆ ಇದ್ದವರಿಗೆಲ್ಲ ನಾಡಿ ಏರಲೇಬೇಕೆಂದಿಲ್ಲ, ಅಲ್ಪಸ್ವಲ್ಪ ಇದ್ದಾಗ ಗೊತ್ತೇ ಆಗದು. ಆದರೆ ಸುಮ್ಮನೆ ಕುಳಿತ ಹುಡುಗಿಯ ನಾಡಿ ವಾರಗಟ್ಟಲೆ ನೂರರ ಆಸುಪಾಸಿನಲ್ಲಿದ್ದರೆ ರಕ್ತ ಪರೀಕ್ಷೆ ಮಾಡಿಸಲು ಅದೇ ಸಾಕಷ್ಟು ಕಾರಣ. ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ವಾಕರಿಕೆ ಬರುತ್ತದೆಂದು ಎಸೆಯುವ ಮಕ್ಕಳಿಗೆ ಒಂದು ಮಾತು: ಊಟವಾದ ಮೇಲೆ ನುಂಗಿದರೆ ವಾಕರಿಕೆ ಕಡಿಮೆ. ಅದರ ಜೊತೆ ಚಹ ಮಾತ್ರ ಬೇಡ, ಚಹ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ.

ಇದಕ್ಕೆ ಸಾವಿರಾರು ರೂಪಾಯಿ ಬೇಕಾಗಿಲ್ಲ. ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ತೋರುಬೆರಳು, ನಡುಬೆರಳು ಇಟ್ಟು, ಸೆಕೆಂಡಿನ ಮುಳ್ಳಿರುವ ಯಾವುದೇ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕು. ಹೆಬ್ಬೆರಳಿನಿಂದ ಎಣಿಸಬಾರದು, ಅದಕ್ಕೆ ತನ್ನದೇ ಮಿಡಿತವಿದೆ. ಹಾಸಿಗೆಯಿಂದ ಏಳುವ ಮುಂಚೆ ಎಣಿಸಿದರೆ ಅತ್ಯುತ್ತಮ. ಮನೆಯ ಹಿರಿಯರಿಗೆ ಇನ್ನೊಂದು ಅನುಕೂಲವುಂಟು. 'ಮಕ್ಕಳೈ ತೇಡಿ ಮರುತ್ತುವಂ', ಅಂದರೆ ಜನರನ್ನು ಅರಸಿ ಬರುವ ವೈದ್ಯ, ಎಂಬ ಸರ್ಕಾರದ ಯೋಜನೆ 2021ರ ಆಗಸ್ಟ್ 5ರಂದು ಆರಂಭವಾದದ್ದು ನಮ್ಮ ಜಿಲ್ಲೆಯ ಸಾಮನಪಳ್ಳಿಯಲ್ಲಿಯೇ. ಮನೆಗೆ ಬಂದು ರಕ್ತದೊತ್ತಡ ನೋಡುವಾಗ ಯಂತ್ರದಲ್ಲಿ ಎರಡು ಅಂಕಿ ಓದಿ ಬಿಡುತ್ತಾರೆ. ಅಂಕಿ ತೋರಿಸುವ ಯಂತ್ರವಾದರೆ ಸಾಮಾನ್ಯವಾಗಿ ಕೆಳಗೆ ಮೂರನೆಯದೊಂದು ಇರುತ್ತದೆ, ಅದೇ ನಾಡಿ. ಅದನ್ನೂ ಕೇಳಿ ಬರೆದಿಟ್ಟುಕೊಳ್ಳಿ.

ಹೈಸ್ಕೂಲಿನ ಮಕ್ಕಳಿಗೂ ದೊಡ್ಡವರಿಗೂ 60ರಿಂದ 100ರವರೆಗೆ ಸಾಮಾನ್ಯ. ಕಾರಣವಿಲ್ಲದೆ ನೂರರ ಮೇಲೆಯೇ ನಿಂತರೆ, ಆಟಗಾರರಲ್ಲದವರಿಗೆ 50ಕ್ಕೂ ಕೆಳಗಿಳಿದು ತಲೆಸುತ್ತು ಬಂದರೆ, ಮಿಡಿತ ತಾಳತಪ್ಪಿ ನಡೆದರೆ, ಎದೆನೋವು ಕಂಡರೆ ಗಡಿಯಾರವನ್ನು ಕೇಳುತ್ತ ಕೂರದೆ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು.

ಕೊನೆಯದಾಗಿ ಶಾಲೆಗೊಂದು ಸಲಹೆ. ಸೋಮವಾರ ಪ್ರಾರ್ಥನೆ ಮುಗಿದು ತರಗತಿಗೆ ಬಂದ ಮಕ್ಕಳು ಐದು ನಿಮಿಷ ಮಾತಿಲ್ಲದೆ ಕೂರಲಿ. ಆಮೇಲೆ ಗೋಡೆಯ ಗಡಿಯಾರ ನೋಡಿ ತಮ್ಮ ನಾಡಿಯನ್ನು ತಾವೇ ಎಣಿಸಿ ವಿಜ್ಞಾನದ ನೋಟ್‌ಪುಸ್ತಕದ ಕೊನೆಯ ಪುಟದಲ್ಲಿ ತಾರೀಖಿನೊಡನೆ ಬರೆಯಲಿ. ಯಾರದೂ ಗಟ್ಟಿಯಾಗಿ ಓದುವುದು ಬೇಡ. ತಿಂಗಳಿಗೊಮ್ಮೆ ತರಗತಿಯ ಉಪಾಧ್ಯಾಯರು ಆ ಪುಟವನ್ನು ತಿರುವಿ, ನಾಲ್ಕು ಸೋಮವಾರವೂ ಏರಿಯೇ ಇರುವ ಮಗುವಿನ ಮನೆಗೆ ಚೀಟಿ ಬರೆದು ಕಳಿಸಲಿ.