ರುಚಿ ಹುಡುಕಿ ಬರುವವರೇ, ಎಲೆ ತೋಟಕ್ಕೂ ಬನ್ನಿ

ಡಿಸೆಂಬರ್ ಬಂತೆಂದರೆ ಮೈಸೂರಿಗೆ ಅಮೆರಿಕದಿಂದ, ಆಸ್ಟ್ರೇಲಿಯಾದಿಂದ, ದುಬೈಯಿಂದ ನಮ್ಮವರು ಬರುತ್ತಾರೆ. ಅಲ್ಲಿ ಮಕ್ಕಳಿಗೆ ರಜೆ, ಇಲ್ಲಿ ಹಿತವಾದ ಚಳಿ. ಇಪ್ಪತ್ತು ದಿನದಲ್ಲಿ ಓದಿದ ಶಾಲೆ ನೋಡಬೇಕು, ಹಳೇ ಗೆಳೆಯರನ್ನು ಕಾಣಬೇಕು, ಬಾಯಿಗೆ ಹತ್ತಿದ ತಿಂಡಿಯನ್ನೆಲ್ಲ ತಿನ್ನಬೇಕು. ನಜರಬಾದಿನ ಮೈಲಾರಿಯಲ್ಲಿ ದೋಸೆ, ಚಾಮುಂಡಿಪುರಂನ ಜಿಟಿಆರ್‌ನಲ್ಲಿ ಕಾಫಿ, ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್‌ನಲ್ಲಿ ಮೈಸೂರು ಪಾಕ್, ದೇವರಾಜ ಮಾರುಕಟ್ಟೆಯ ಹೂವಿನ ರಾಶಿ ಮುಂದೆ ಫೋಟೊ. ಹೊರಡುವ ದಿನ ಸೂಟ್‌ಕೇಸಿನಲ್ಲಿ ಹಪ್ಪಳ, ಸಂಡಿಗೆ, ಸಾರಿನ ಪುಡಿ.

ಇದರಲ್ಲಿ ನಮಗೇನೂ ಹೊಟ್ಟೆಕಿಚ್ಚಿಲ್ಲ. ದೂರ ಹೋದವರಿಗೆ ಊರಿನ ರುಚಿ ಕಾಡುವುದು ಸಹಜ. ವರ್ಷಗಟ್ಟಲೆ ಫ್ರೀಜರಿನ ಪರೋಟ ತಿಂದವರು ಬಿಸಿ ದೋಸೆ ಎದುರು ಕೂತಾಗ ಕಣ್ಣಲ್ಲಿ ನೀರು ಬಂದರೆ ನಗುವಷ್ಟು ಕಲ್ಲೆದೆ ನಮ್ಮದಲ್ಲ.

ನಮ್ಮ ತಕರಾರು ಬೇರೆ. ಈ ಪ್ರವಾಸ ತಟ್ಟೆಯ ಮುಂದೆ ಶುರುವಾಗಿ ತಟ್ಟೆಯ ಮುಂದೆಯೇ ಮುಗಿಯುತ್ತದೆ. ತಟ್ಟೆಗೆ ಬಂದದ್ದು ಯಾವ ಮಣ್ಣಿನಿಂದ ಬಂತು, ಆ ಮಣ್ಣು ಈಗಲೂ ಇದೆಯಾ, ಅದನ್ನು ಉಳುವವನು ಇದ್ದಾನಾ ಎಂದು ಯಾರೂ ಕೇಳುವುದಿಲ್ಲ. ಕೇಳದೇ ಇರುವುದರಿಂದಲೇ ಆ ರುಚಿಗಳು ಒಂದೊಂದಾಗಿ ಸಾಯುತ್ತಿವೆ.

ವಿದ್ಯಾರಣ್ಯಪುರಂ ಎಂಬ ಎಲೆ ತೋಟ

ವಿದ್ಯಾರಣ್ಯಪುರಂ ಎಂದರೆ ಇವತ್ತು ಮನೆಗಳು, ಪಾರ್ಕು, ಬಸ್ ಸ್ಟಾಪು. ಪೇಪರ್ ಓದುವವರಿಗೆ ಇನ್ನೊಂದು ಗುರುತೂ ಇದೆ: ಸೂಯೇಜ್ ಫಾರಂ. ಊರಿನ ಕಸ ಬಂದು ಗುಡ್ಡೆಯಾಗುವ ಜಾಗ. ಗಾಳಿ ತಿರುಗಿದ ದಿನ ಸುತ್ತಲಿನ ಬಡಾವಣೆಗಳಲ್ಲಿ ಕಿಟಕಿ ಮುಚ್ಚಿಕೊಂಡು ಕೂರಬೇಕು.

ಇದೇ ಕಡೆ ಒಂದು ಕಾಲಕ್ಕೆ ಮೈಸೂರು ವೀಳ್ಯದೆಲೆ ಬೆಳೆಯುತ್ತಿತ್ತು. ಮಹಾರಾಜರ ತೋಟದಲ್ಲಿ ಮೊದಲಾದ ಬೆಳೆ, ಪೂರ್ಣಯ್ಯನ ಛತ್ರದಿಂದ ವಿದ್ಯಾರಣ್ಯಪುರಂವರೆಗೆ ಸುಮಾರು 100 ಎಕರೆಗೆ ಹರಡಿತು. ಮುಂದೆ ನಂಜನಗೂಡು ರಸ್ತೆಯ ಉದ್ದಕ್ಕೂ 500 ಎಕರೆಯಷ್ಟಾಯಿತು. ಮೈಸೂರು ಚಿಗುರೆಲೆ ಎಂದು ಹೆಸರು ಮಾಡಿದ್ದು ಈ ಎಲೆ. ನುಣುಪು, ಮೆದು, ಬಾಯಿಗಿಟ್ಟರೆ ಹಿತವಾದ ಖಾರ.

ಎಲೆ ಬಳ್ಳಿ ಸುಲಭದ ಬೆಳೆಯಲ್ಲ. ಹಬ್ಬಲು ಅಗಸೆಯೋ ನುಗ್ಗೆಯೋ ಹಾಲವಾಣವೋ ಬೇಕು. ನೆರಳು ಬೇಕು, ಆದರೆ ಕತ್ತಲೆ ಆಗಬಾರದು. ನೆಲ ಸದಾ ತೇವವಾಗಿರಬೇಕು, ಆದರೆ ನೀರು ನಿಂತರೆ ಬುಡ ಕೊಳೆಯುತ್ತದೆ. ಬೆಳೆದ ಬಳ್ಳಿಯನ್ನು ಇಳಿಸಿ, ಸುತ್ತಿ, ಮಣ್ಣು ಮುಚ್ಚಿ ಮತ್ತೆ ಹಬ್ಬಿಸಬೇಕು. ಎಲೆ ಒಂದೊಂದಾಗಿ ಕೈಯಲ್ಲೇ ಕೊಯ್ಯಬೇಕು, ಎಣಿಸಿ ಕಟ್ಟಬೇಕು, ಬಾಡುವ ಮೊದಲು ಮಾರುಕಟ್ಟೆ ಸೇರಿಸಬೇಕು. ಮಗುವನ್ನು ಸಾಕಿದ ಹಾಗೆ ಎಂದು ಎಲೆ ತೋಟದವರು ಹೇಳುವುದು ಸುಮ್ಮನೆ ಅಲ್ಲ.

ಈಗ ಅಲ್ಲಿ ಉಳಿದಿರುವುದು ಅಲ್ಲೊಂದು ಇಲ್ಲೊಂದು ತುಂಡು ತೋಟ. ಸುತ್ತ ಮನೆ, ಶೆಡ್ಡು, ಕಲ್ಯಾಣ ಮಂಟಪ. ತಮಾಷೆ ನೋಡಿ, ಕಲ್ಯಾಣ ಮಂಟಪದ ತಾಂಬೂಲಕ್ಕೆ ಎಲೆ ಬೇಕು. ಆ ಎಲೆ ಬೇರೆ ಊರಿನಿಂದ ಲಾರಿಯಲ್ಲಿ ಬರುತ್ತದೆ. ಊಟ ಮುಗಿಸಿ ಬೀಡಾ ಅಂಗಡಿ ಮುಂದೆ ನಿಂತು, ಮೈಸೂರು ಪಾನ್ ಅಂದ್ರೆ ಇದಪ್ಪಾ ಎಂದು ಕಣ್ಮುಚ್ಚಿ ಅಗಿಯುವ ಅತಿಥಿಯ ಬಾಯಲ್ಲಿ ಇರುವುದು ಎಷ್ಟೋ ಸಲ ಕಲ್ಕತ್ತಾ ಎಲೆ.

ಹಣ್ಣಿನ ಕಥೆಯೂ ಅದೇ

ನಂಜನಗೂಡು ರಸಬಾಳೆ ಕೇಳಿಕೊಂಡು ಬರುವವರಿದ್ದಾರೆ. ತಾತ ತರುತ್ತಿದ್ದರು, ಮನೆಯೆಲ್ಲ ಘಮ್ಮೆನ್ನುತ್ತಿತ್ತು ಎನ್ನುತ್ತಾರೆ. ನಿಜವೇ. ನಂಜನಗೂಡು ಬಳಿಯ ದೇವರಸನಹಳ್ಳಿ ಸುತ್ತಿನ ಕಪ್ಪು ಮಣ್ಣಿನಲ್ಲಿ ಬೆಳೆದರೆ ಮಾತ್ರ ಆ ಘಮ. ಆದರೆ ಪನಾಮಾ ಸೊರಗು ರೋಗ ಆ ತೋಟಗಳನ್ನು ಹಿಂಡಿ ಹಾಕಿತು. ಮಣ್ಣಿನಲ್ಲಿ ಕೂರುವ ಶಿಲೀಂಧ್ರ ಅದು. ಒಮ್ಮೆ ಬಂದರೆ ವರ್ಷಗಟ್ಟಲೆ ಹೋಗುವುದಿಲ್ಲ. ರೈತರು ಕೈಚೆಲ್ಲಿ ಏಲಕ್ಕಿ ಬಾಳೆಗೋ ಬೇರೆ ಬೆಳೆಗೋ ಹೋದರು.

ಇದೇ ರೋಗ ಹೊರದೇಶವನ್ನೂ ಬಿಡಲಿಲ್ಲ. ಅಮೆರಿಕ, ಯುರೋಪಿನವರು ಒಂದು ಕಾಲಕ್ಕೆ ತಿನ್ನುತ್ತಿದ್ದುದು ಗ್ರೋ ಮಿಷೆಲ್ ಎಂಬ ಬಾಳೆ. ಪನಾಮಾ ರೋಗಕ್ಕೆ ಸಿಕ್ಕಿ 1950-60ರ ದಶಕಗಳಲ್ಲಿ ಅದು ಅಲ್ಲಿನ ಅಂಗಡಿಗಳಿಂದ ಮಾಯವಾಯಿತು. ಅದರ ಜಾಗಕ್ಕೆ ಕ್ಯಾವೆಂಡಿಷ್ ಬಂತು. ನಮ್ಮ ಪಚ್ಚಬಾಳೆ, ಜಿ-9 ಎಲ್ಲ ಅದೇ ಜಾತಿ. ಅಲ್ಲಿನ ಸೂಪರ್ ಮಾರ್ಕೆಟ್ಟಿನ ಸಪ್ಪೆ ಬಾಳೆಹಣ್ಣು ಸಾಕಾಗಿ ಊರಿಗೆ ಬಂದವರು ಇಲ್ಲಿನ ತಳ್ಳುಗಾಡಿಯಲ್ಲಿ ಕೊಳ್ಳುವುದೂ ಎಷ್ಟೋ ಸಲ ಅದೇ ಹಣ್ಣು. ಹತ್ತು ಸಾವಿರ ಮೈಲಿ ಹಾರಿ ಬಂದು ಅಲ್ಲಿಯದನ್ನೇ ತಿಂದ ಹಾಗಾಯಿತು.

ಸರ್ಕಾರ ಸುಮ್ಮನಿಲ್ಲ ಎನ್ನುತ್ತೀರಾ? ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ, ಮೈಸೂರು ಮಲ್ಲಿಗೆ, ಮೂರಕ್ಕೂ ಜಿಐ ಟ್ಯಾಗ್ ಇದೆ. 1999ರಲ್ಲಿ ಆದ ಕಾಯ್ದೆ, 2003ರಿಂದ ಜಾರಿಯಲ್ಲಿದೆ. ಈ ಟ್ಯಾಗ್ ಕಾಯುವುದು ಹೆಸರನ್ನು ಮಾತ್ರ. ಬೇರೆ ಊರಿನ ಎಲೆಯನ್ನು ಮೈಸೂರೆಲೆ ಎಂದು ಮಾರಬಾರದು ಎನ್ನುತ್ತದೆ. ಆದರೆ ಮೈಸೂರೆಲೆ ಬೆಳೆಯುವ ನೆಲದ ಮೇಲೆ ಜೆಸಿಬಿ ಬಂದರೆ ಅದನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ನೆಲವೇ ಹೋದ ಮೇಲೆ ಹೆಸರಿನ ಕಾಗದ ಇಟ್ಟುಕೊಂಡು ಏನು ಮಾಡುವುದು?

ಹೊಲ ಕೊಳ್ಳುವಂತಿಲ್ಲ, ಸೈಟು ಕೊಳ್ಳಬಹುದು

ಇನ್ನು ಸ್ವಲ್ಪ ಖಾರದ ಮಾತು. ವಿದೇಶದಿಂದ ಬರುವವರ ಪಟ್ಟಿಯಲ್ಲಿ ದೋಸೆ, ಗೆಳೆಯರ ಜೊತೆಗೆ ಇನ್ನೊಂದು ಕೆಲಸ ಇರುತ್ತದೆ: ಸೈಟು ನೋಡುವುದು. ಬಡಾವಣೆ ಮಾಡುವವರು ಅವರನ್ನೇ ಕಾಯುತ್ತಿರುತ್ತಾರೆ. ಕಾರಿನಲ್ಲಿ ಕರೆದೊಯ್ದು ಕಮಾನು, ತೆಂಗಿನ ಸಾಲು, ಟಾರು ರಸ್ತೆ ತೋರಿಸುತ್ತಾರೆ.

ಕಾನೂನು ಏನು ಹೇಳುತ್ತದೆ ನೋಡಿ. ಫೆಮಾ ನಿಯಮದ ಪ್ರಕಾರ ಅನಿವಾಸಿ ಭಾರತೀಯರು ಇಲ್ಲಿ ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್ ಹೌಸ್ ಕೊಳ್ಳುವಂತಿಲ್ಲ. ಹಿರಿಯರಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು, ಅಷ್ಟೆ. ಆದರೆ ಅದೇ ಜಮೀನು ಭೂ ಪರಿವರ್ತನೆಯಾಗಿ ಸೈಟಾಯಿತೋ, ಆರಾಮಾಗಿ ಕೊಳ್ಳಬಹುದು. ಎಲೆ ಬಳ್ಳಿ ಇರುವವರೆಗೆ ಆ ನೆಲಕ್ಕೆ ಡಾಲರ್ ಬರುವುದಿಲ್ಲ. ಬಳ್ಳಿ ಕಿತ್ತು ಕಲ್ಲು ನೆಟ್ಟ ಮೇಲೆ ಬರುತ್ತದೆ. ಅದರ ಜೊತೆಗೆ 2020ರಲ್ಲಿ ರಾಜ್ಯದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನೂ ತೆಗೆದುಹಾಕಿದರು. ಇಲ್ಲೇ ಇರುವ, ರೈತರಲ್ಲದ ಹಣವಂತರಿಗೂ ಬಾಗಿಲು ತೆರೆಯಿತು.

ಹಾಗೆ ಕೊಂಡ ಎಷ್ಟೋ ಸೈಟುಗಳಲ್ಲಿ ಮನೆ ಏಳುವುದಿಲ್ಲ. ಬೆಲೆ ಏರಲಿ ಎಂದು ಬಿಟ್ಟಿರುತ್ತಾರೆ. ಪಾರ್ಥೇನಿಯಂ ಬೆಳೆಯುತ್ತದೆ, ಕಸ ಬೀಳುತ್ತದೆ, ಹಾವು ಸೇರುತ್ತದೆ. ಬೆಳೆಯೂ ಇಲ್ಲ, ಮನೆಯೂ ಇಲ್ಲ.

ಮಾರಿದ್ದು ರೈತನೇ ಅಲ್ಲವೇ ಎಂದು ಕೇಳುವಿರಿ. ಹೌದು, ರೈತನೇ. ಆಳಿಗೆ ಕೂಲಿ ಏರಿದೆ, ಎಲೆಗೆ ಒಂದು ವಾರ ಒಂದು ರೇಟು, ಮುಂದಿನ ವಾರ ಇನ್ನೊಂದು. ಮಗ ಫ್ಯಾಕ್ಟರಿಗೆ ಹೋಗುತ್ತಾನೆ. ಎಲೆ ಕೊಯ್ದು ಇಡೀ ವರ್ಷ ಕಾಣದ ದುಡ್ಡನ್ನು ಒಂದು ಸಹಿ ಕೊಡುತ್ತದೆ ಎಂದರೆ ಯಾರು ತಾನೇ ಬೇಡ ಅನ್ನುತ್ತಾರೆ? ನಿಮ್ಮ ಬಾಲ್ಯದ ನೆನಪನ್ನು ಉಳಿಸಲು ಆತ ಬಡವನಾಗಿಯೇ ಇರಬೇಕು ಎಂದು ಹೇಳಲು ನಮಗೂ ಬಾಯಿಲ್ಲ, ನಿಮಗೂ ಇಲ್ಲ. ಆತ ಬೆಳೆಯಬೇಕು ಎಂದರೆ ಬೆಳೆದದ್ದಕ್ಕೆ ಬೆಲೆ ಸಿಗಬೇಕು.

ಪಹಣಿಯಲ್ಲಿ ತಾತನ ಹೆಸರು

ಹಳ್ಳಿಗಳಲ್ಲಿ ಇನ್ನೊಂದು ಗೋಳು ಇದೆ. ಇದನ್ನು ಯಾರೂ ಬರೆಯುವುದಿಲ್ಲ, ಏಕೆಂದರೆ ಇದು ಮನೆಯೊಳಗಿನ ಮಾತು.

ಅಣ್ಣ ವಿದೇಶದಲ್ಲಿ, ತಮ್ಮ ಊರಲ್ಲಿ. ಜಮೀನು ಉಳುವುದು ತಮ್ಮ. ಪಹಣಿ ಮಾತ್ರ ಇನ್ನೂ ತೀರಿಹೋದ ತಾತನ ಹೆಸರಲ್ಲಿ. ಪೌತಿ ಖಾತೆ ಆಗಿಲ್ಲ, ವಿಭಾಗವಾಗಿಲ್ಲ. ಬ್ಯಾಂಕಿಗೆ ಬೆಳೆ ಸಾಲಕ್ಕೆ ಹೋದರೆ ತೊಡಕು, ಮಳೆಗೆ ಬೆಳೆ ಹೋದರೆ ಪರಿಹಾರಕ್ಕೆ ತೊಡಕು, ಹನಿ ನೀರಾವರಿ ಸಬ್ಸಿಡಿಗೆ ತೊಡಕು. ಪಾಲು ಬೇರೆಯಾಗಲು ಎಲ್ಲ ವಾರಸುದಾರರ ಸಹಿ ಬೇಕು. 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮಪಾಲು, ಅವರ ಸಹಿಯೂ ಬೇಕು. ಕೇಳಿದರೆ ಅಣ್ಣ, ಮುಂದಿನ ಸಲ ಬಂದಾಗ ನೋಡೋಣ ಬಿಡೋ ಎನ್ನುತ್ತಾನೆ. ಮುಂದಿನ ಸಲ ಬರುತ್ತಾನೆ. ಬನ್ನೂರು ಕುರಿ ಊಟ ಆಗುತ್ತದೆ, ಗೆಳೆಯರ ಗೆಟ್ ಟುಗೆದರ್ ಆಗುತ್ತದೆ, ಊಟಿಗೆ ಒಂದು ಟ್ರಿಪ್ ಆಗುತ್ತದೆ. ತಾಲ್ಲೂಕು ಕಚೇರಿಗೆ ಮಾತ್ರ ದಿನ ಸಿಗುವುದಿಲ್ಲ.

ಊರು, ಮಣ್ಣು, ಬೇರು ಎಂದು ಫೇಸ್‌ಬುಕ್ಕಿನಲ್ಲಿ ಉದ್ದುದ್ದ ಬರೆಯುವವರು ಆ ಮಣ್ಣಿನ ಕಾಗದಕ್ಕೆ ಒಂದು ಸಹಿ ಹಾಕದಿದ್ದರೆ ನಾವು ಅದನ್ನು ಪ್ರೀತಿ ಎಂದು ಹೇಗೆ ಒಪ್ಪಬೇಕು?

ನಾವು ಕೇಳುವುದು ಇಷ್ಟು

ಬರುವವರಿಗೆ: ಇಪ್ಪತ್ತು ದಿನದಲ್ಲಿ ಒಂದು ದಿನ ತೋಟಕ್ಕೆ ಬನ್ನಿ. ನಂಜನಗೂಡು ರಸ್ತೆಯ ಎಲೆ ತೋಟ ಮಕ್ಕಳಿಗೆ ತೋರಿಸಿ. ಮನೆಯ ಮದುವೆಗೆ, ಗೃಹಪ್ರವೇಶಕ್ಕೆ ಬೇಕಾದ ಎಲೆಯನ್ನು ಬೆಳೆದವರ ಕೈಯಿಂದಲೇ, ಚೌಕಾಸಿ ಮಾಡದೆ ಕೊಳ್ಳಿ. ಅಂಗಡಿಯಲ್ಲಿ ಇದು ಯಾವ ಊರಿನ ಎಲೆ, ಯಾವ ಊರಿನ ಬಾಳೆ ಎಂದು ಬಾಯಿಬಿಟ್ಟು ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಅಂಗಡಿಯವನೇ ಹೇಳುತ್ತಾನೆ. ಸೈಟು ಕೊಳ್ಳುವ ಮೊದಲು ಇಲ್ಲಿ ಮೊದಲು ಏನು ಬೆಳೆಯುತ್ತಿತ್ತು ಎಂದೂ ಕೇಳಿ.

ಇನ್ನೊಂದು ದಿನ ಪಹಣಿಗೆ ಕೊಡಿ. ಬರಲಾಗದಿದ್ದರೆ ನೀವಿರುವ ದೇಶದ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ಕಳಿಸಬಹುದು. ನಿಮ್ಮ ಪಾಲು ಬಿಟ್ಟುಕೊಡಿ ಎಂದು ನಾವು ಹೇಳುತ್ತಿಲ್ಲ. ಉಳುವವನ ಕೈ ಕಟ್ಟಬೇಡಿ ಎನ್ನುತ್ತಿದ್ದೇವೆ.

ಆಳುವವರಿಗೆ: ಉಳಿದಿರುವ ಎಲೆ ತೋಟಗಳನ್ನು ನಗರದ ಮಾಸ್ಟರ್ ಪ್ಲಾನಿನಲ್ಲಿ ಗುರುತಿಸಿ, ಅಲ್ಲಿ ಭೂ ಪರಿವರ್ತನೆ ನಿಲ್ಲಿಸಿ. ರೋಗವಿಲ್ಲದ ರಸಬಾಳೆ ಸಸಿಗಳನ್ನು ರೈತರಿಗೆ ಹೊತ್ತಿಗೆ ಸರಿಯಾಗಿ ಕೊಡಿ. ದಸರಾಗೆ ಬರುವ ಅತಿಥಿಗಳ ತಾಂಬೂಲದಲ್ಲಿ, ಮುಜರಾಯಿ ದೇವಸ್ಥಾನಗಳಲ್ಲಿ ಈ ತೋಟಗಳ ಎಲೆಯನ್ನೇ ನಿಗದಿತ ಬೆಲೆಗೆ ಕೊಂಡು ಬಳಸಿ. ಜಿಐ ಟ್ಯಾಗಿನಿಂದ ಬೆಳೆದವನ ಜೇಬಿಗೂ ನಾಲ್ಕು ಕಾಸು ಬರಲಿ.

ನಮ್ಮ ಹಳ್ಳಿಯವರಿಗೂ ಒಂದು ಮಾತು. ಪರದೇಶದ ನೆಂಟರು ಬಂದಾಗ ನಾವೂ ಅವರ ಮುಂದೆ ಪೇಟೆಯ ಕೇಕು, ಬಾಟಲಿ ಜ್ಯೂಸು ಇಡುತ್ತೇವೆ. ಹಿತ್ತಲಿನ ಹಣ್ಣು ಕೊಡಲು ನಾಚುತ್ತೇವೆ. ಆ ನಾಚಿಕೆ ಬಿಡೋಣ. ಮಗಳು ಪರದೇಶಕ್ಕೆ ಹೊರಟಾಗ ಮಡಿಲು ತುಂಬುವ ಎಲೆ ಯಾರ ತೋಟದ್ದು, ಎಷ್ಟು ಕಷ್ಟದ್ದು ಎಂದು ಅವಳಿಗೆ ಹೇಳಿ ಕಳಿಸೋಣ.

ಈ ಬರಹವನ್ನು ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿ. ಅದರಲ್ಲಿ ಒಬ್ಬರಾದರೂ ವಿದೇಶದಲ್ಲಿ ಇದ್ದೇ ಇರುತ್ತಾರೆ. ಈ ಸಲ ಟಿಕೆಟ್ ಮಾಡಿಸಿದಾಗ, ಅಣ್ಣಾ ಪಹಣಿ ಕೆಲಸಕ್ಕೆ ಯಾವ ದಿನ ಇಟ್ಟಿದ್ದೀಯ ಎಂದು ಅಲ್ಲೇ, ಎಲ್ಲರ ಮುಂದೆ ಕೇಳಿ.